ನೆರಳಿನ ತೋಟಕ್ಕೆ ಬೆಳ್ಳಿ ಎಲೆಯ ನೆಲಹೊದಿಕೆ: ಅಳೆದು ನೋಡಿ ನೆಡೋಣ



ಈಚೆಗೆ ಪುತ್ತೂರು, ಸುಳ್ಯ, ಕಡಬದ ಕಡೆ ತೋಟ ನೋಡಲು ಹೋದಲ್ಲೆಲ್ಲ ಒಂದೇ ಪ್ರಶ್ನೆ ನಮಗೆ ಎದುರಾಗುತ್ತಿದೆ. "ಅಡಿಕೆಯ ಅಡಿಯ ಹುಲ್ಲು ಹೆರೆಸಿ ಸಾಕಾಯಿತು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಉಳಿದು, ನೆರಳಿನಲ್ಲೂ ನೆಲ ಮುಚ್ಚುವ ಗಿಡ ಇದೆಯೇ? ನರ್ಸರಿಯಲ್ಲಿ ಬೆಳ್ಳಿ ಪಟ್ಟೆಯ ಎಲೆಯದ್ದೊಂದು ನೋಡಿದೆವು. ಅದು ಆದೀತೇ?"

ಪ್ರಶ್ನೆ ಒಳ್ಳೆಯದು. ಉತ್ತರ ಮಾತ್ರ "ಹೌದು" ಅಥವಾ "ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ. ನಮ್ಮ ತೋಟದಲ್ಲಿ ಈ ಗಿಡವನ್ನು ನೆಟ್ಟು ಪಾಠ ಕಲಿತವರು ನಾವು. ಆ ಪಾಠವನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ.

ನೆಲ ಏಕೆ ಮುಚ್ಚಿರಬೇಕು?

ನಮ್ಮ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಮಿಲಿಮೀಟರ್ ಮಳೆ ಎಂದರೆ ಎಕ್ರೆಗೆ 4,000 ಲೀಟರಿಗಿಂತ ತುಸು ಹೆಚ್ಚು ನೀರು. ಒಂದು ದಿನ 100 ಮಿಲಿಮೀಟರ್ ಸುರಿದರೆ ಎಕ್ರೆಯ ಮೇಲೆ ಬಿದ್ದ ನೀರು 4 ಲಕ್ಷ ಲೀಟರ್! ಆಟಿ ತಿಂಗಳಲ್ಲಿ ಇಂಥ ದಿನಗಳು ನಮಗೆ ಹೊಸತಲ್ಲ.

ಈ ನೀರು ಬರಿ ನೆಲದ ಮೇಲೆ ಬಿದ್ದರೆ ಹನಿಯ ಹೊಡೆತಕ್ಕೆ ಮಣ್ಣು ಬಿಡುತ್ತದೆ. ಬಿಟ್ಟ ಮಣ್ಣು ಕಣಿಗೆ, ಕಣಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಕಡಬದ್ದಾದರೆ ಕುಮಾರಧಾರೆಗೆ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಸುಳ್ಯದ್ದಾದರೆ ಪಯಸ್ವಿನಿಯ ಜತೆ ಕಾಸರಗೋಡಿನ ಕಡಲಿಗೆ. ಮಳೆ ಹಿಡಿದ ಮರುದಿನ ನಿಮ್ಮ ತೋಟದ ಕೊನೆಯ ಕಣಿಯ ನೀರನ್ನು ಬಿಳಿ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಕೂತದ್ದು ನೀವು ಹೊತ್ತು ಹಾಕಿದ ಗೊಬ್ಬರ, ಸುಡುಮಣ್ಣು, ಸೊಪ್ಪಿನ ಸಾರ.

ಅಡಿಕೆಯ ಬೇರಿನ ಹೆಚ್ಚಿನ ಅಂಶ ಬುಡದ ಸುತ್ತ ಎರಡು ಮೂರು ಅಡಿಯೊಳಗೆ, ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇದೆ. ಆದ್ದರಿಂದ ಮೇಲ್ಮಣ್ಣು ಹೋದರೆ ಅಡಿಕೆಯ ಊಟದ ಬಟ್ಟಲೇ ಹೋದಂತೆ. ಹಾರೆಯಲ್ಲಿ ಹೆರೆದು, ಅಥವಾ ಕಳೆನಾಶಕ ಹೊಡೆದು ನೆಲವನ್ನು ಅಂಗಳದ ಹಾಗೆ ಮಾಡಿಟ್ಟ ತೋಟ ನೋಡಲು ಚೆಂದ. ಆದರೆ ಆ ಚೆಂದಕ್ಕೆ ಬೆಲೆ ತೆರುವುದು ಮೇಲ್ಮಣ್ಣು. ಕಳೆನಾಶಕದ ದಾರಿಯೂ ಮೊದಲಿನಂತಿಲ್ಲ. ಗ್ಲೈಫೋಸೇಟನ್ನು ಕೀಟನಿಯಂತ್ರಣದ ಪರವಾನಗಿ ಪಡೆದವರ ಮೂಲಕವಲ್ಲದೆ ಬೇರೆಯವರು ಬಳಸಬಾರದೆಂದು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು.

ಬೆಳ್ಳಿ ಎಲೆಯಲ್ಲಿ ಎರಡು ಜಾತಿ

ಎಲೆ ಬೆಳ್ಳಗೆ ಕಂಡ ಗಿಡಗಳೆಲ್ಲ ಒಂದೇ ಸ್ವಭಾವದವಲ್ಲ. ಎಕ್ಕದ ಎಲೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಬಿಳಿ ಪದರ ಬೆರಳಿಗೆ ಬರುತ್ತದೆ, ಅಡಿಯಲ್ಲಿ ಹಸಿರು ಕಾಣುತ್ತದೆ. ಇದು ಬಿಸಿಲಿನ ಬೆಳ್ಳಿ. ಸುಡುವ ಬಿಸಿಲಿನಿಂದ, ನೀರಿನ ಕೊರತೆಯಿಂದ ಎಲೆಯನ್ನು ಕಾಯಲು ಗಿಡ ಹೊದ್ದುಕೊಂಡ ಕಂಬಳಿ. ಹೀಗೆ ರೋಮ ತುಂಬಿದ ಬಿಳಿ ಎಲೆಯ ಅಲಂಕಾರದ ಗಿಡಗಳು ನರ್ಸರಿಗಳಲ್ಲಿ ಬೇಕಾದಷ್ಟಿವೆ. ಅವನ್ನು ಅಡಿಕೆಯ ಅಡಿಗೆ ತಂದರೆ ಆಟಿಯ ಮಳೆಯಲ್ಲಿ ಕಂಬಳಿ ನೆನೆದು ಗಿಡ ಕೊಳೆಯುವುದೇ ಸೈ.

ಇನ್ನೊಂದು ನೆರಳಿನ ಬೆಳ್ಳಿ. ಎಲೆ ನುಣುಪು, ಉಜ್ಜಿದರೆ ಏನೂ ಬರುವುದಿಲ್ಲ. ಮನೆಯ ಚಾವಡಿಯಲ್ಲಿ ಕುಂಡದಲ್ಲಿಡುವ ಬಿಗೋನಿಯಾ, ಅಲ್ಯೂಮಿನಿಯಂ ಗಿಡಗಳ ಎಲೆಯಲ್ಲಿ ಮೇಲಿನ ತೆಳು ಪದರಕ್ಕೂ ಒಳಗಿನ ಹಸಿರು ಭಾಗಕ್ಕೂ ನಡುವೆ ಅಲ್ಲಲ್ಲಿ ಗಾಳಿಯ ಸಣ್ಣ ಜಾಗ ಇರುತ್ತದೆ. ಬೆಳಕು ಅಲ್ಲಿಂದ ಹಿಂದಕ್ಕೆ ಹೊಡೆದು ಬೆಳ್ಳಿಯಂತೆ ಹೊಳೆಯುತ್ತದೆ. ಇವು ದಟ್ಟ ಕಾಡಿನ ನೆಲದಲ್ಲಿ ಬೆಳೆದು ಬಂದ ಗಿಡಗಳು. ನಮ್ಮ ನೆಲಸಂಪಿಗೆಯ ಎಲೆಯ ಮೇಲೂ ಬೆಳ್ಳಿ ಬಣ್ಣದ ಚಿತ್ತಾರ ಇದೆ. ಆದರೆ ಅದು ಬೇಸಗೆಯಲ್ಲಿ ಎಲೆ ಪೂರ್ತಿ ಬಾಡಿ ಗಡ್ಡೆಯಾಗಿ ಮಲಗುವ ಗಿಡ. ಮುಂಗಾರಿನ ಮೊದಲ ಹೊಡೆತಕ್ಕೆ ನೆಲ ಬರಿದೇ ಸಿಗುವುದರಿಂದ ಅದು ಹೊದಿಕೆಯ ಕೆಲಸಕ್ಕೆ ಬಾರದು.

ಹಾಗಾಗಿ ಮೊದಲ ಪಾಠ: ಬೆರಳಿನಲ್ಲಿ ಉಜ್ಜಿ ನೋಡಿ. ಬಿಳಿ ಅಂಟಿದರೆ ಆ ಗಿಡ ನೆರಳಿನ ತೋಟಕ್ಕಲ್ಲ.

ನೆರಳನ್ನು ಅಳೆಯುವುದು ಹೇಗೆ?

"ನೆರಳು" ಎಂದು ನಾವು ಒಂದೇ ಶಬ್ದದಲ್ಲಿ ಹೇಳುವುದು ಹಲವು ಬಗೆಯದು. ಅಡಿಕೆ ಮಾತ್ರ ಇರುವ ತೋಟದ ನೆರಳು ಬೇರೆ, ಅಡಿಕೆಯ ನಡುವೆ ಕೊಕ್ಕೋ ಇರುವ ತೋಟದ್ದು ಬೇರೆ. ಈಚಿನ ವರ್ಷಗಳಲ್ಲಿ ಅನೇಕರು ನೆಟ್ಟಿರುವ ರೋಬಸ್ಟಾ ಕಾಫಿ ದೊಡ್ಡದಾದ ಮೇಲೆ ಅದರ ಅಡಿಯ ನೆರಳು ಇನ್ನೊಂದು ಬಗೆ. ಹಳದಿ ಎಲೆ ರೋಗದಿಂದ ಮರ ಹೋದ ತೋಟಗಳಲ್ಲಿ ನೆರಳೇ ಇಲ್ಲದ ತುಂಡು ತುಂಡು ಜಾಗಗಳಿವೆ.

ಅಳೆಯಲು ಯಂತ್ರ ಬೇಡ. ಬಿಸಿಲು ಚೆನ್ನಾಗಿರುವ ದಿನ ಮಧ್ಯಾಹ್ನ 12ಕ್ಕೆ ನಾಲ್ಕು ಮರಗಳ ನಡುವೆ ಬಿಳಿ ಪಂಚೆ ಹಾಸಿ. ಪಂಚೆಯ ಅರ್ಧದಷ್ಟು ಭಾಗಕ್ಕೆ ಬಿಸಿಲು ಬಿದ್ದರೆ ಅದು ತೆಳು ನೆರಳು. ಕಾಲುಭಾಗಕ್ಕೆ ಬಿದ್ದರೆ ನಡು ನೆರಳು. ರೂಪಾಯಿ ನಾಣ್ಯ ಚೆಲ್ಲಿದ ಹಾಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿದ್ದರೆ ದಟ್ಟ ನೆರಳು. ತೋಟದ ಐದಾರು ಕಡೆ ಹೀಗೆ ನೋಡಿ ಬರೆದಿಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ ದ್ವಿದಳ ಜಾತಿಯ ಹೊದಿಕೆಗಳಿಗೆ ತೆಳು ನೆರಳು ಒಳ್ಳೆಯದು, ನಡು ನೆರಳು ಸಾಧಾರಣ, ದಟ್ಟ ನೆರಳಿನಲ್ಲಿ ಅವು ಸೊರಗುತ್ತವೆ.

ಕೊಕ್ಕೋದ ಅಡಿ, ದೊಡ್ಡ ಕಾಫಿಯ ಅಡಿ ಉದುರಿದ ಎಲೆಯೇ ದಪ್ಪನೆಯ ಹಾಸು. ಅಲ್ಲಿ ಯಾವ ಗಿಡವನ್ನೂ ನೆಡುವ ಅಗತ್ಯವಿಲ್ಲ. ಆ ಎಲೆಯನ್ನು ಗುಡಿಸಿ ತೆಗೆಯದಿದ್ದರೆ ಸಾಕು.

ಬೆಳ್ಳಿ ಪಟ್ಟೆಯ ಬಳ್ಳಿ: ಗುಣವೂ ದೋಷವೂ

ನರ್ಸರಿಯಲ್ಲಿ ನೀವು ನೋಡಿದ್ದು ಬಹುಪಾಲು ಟ್ರೆಡಿಸ್ಕಾಂಶಿಯಾ ಜೆಬ್ರಿನಾ ಇರಬೇಕು. ಎಲೆಯ ಮೇಲೆ ಉದ್ದಕ್ಕೆ ಎರಡು ಬೆಳ್ಳಿ ಪಟ್ಟೆ, ಅಡಿಯಲ್ಲಿ ನೇರಳೆ ಬಣ್ಣ, ರಸ ತುಂಬಿದ ಮೆದು ಕಾಂಡ. ನಮ್ಮ ಕನ್ನೆಸೊಪ್ಪಿನ ಬಳಗದ್ದು. ಮೂಲ ಮೆಕ್ಸಿಕೋ ಕಡೆಯದು. ಕಾಂಡದ ಪ್ರತಿ ಗಂಟಿನಲ್ಲೂ ಬೇರು ಬಿಡುತ್ತದೆ. ಎರಡು ಗಂಟಿನ ತುಂಡನ್ನು ಹಸಿ ಮಣ್ಣಿನ ಮೇಲೆ ಎಸೆದರೂ ಚಿಗುರುತ್ತದೆ. ದಟ್ಟ ನೆರಳಿನಲ್ಲೂ ನೆಲ ಕಾಣದ ಹಾಗೆ ಹಬ್ಬುತ್ತದೆ. ಇಷ್ಟು ಕೇಳಿದರೆ ಯಾರಿಗೂ ಆಸೆ ಆಗುತ್ತದೆ. ನಮಗೂ ಆಗಿತ್ತು.

ಹಿಂದೊಮ್ಮೆ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ತೋಟದ ಕೆಳಬದಿಯ ಕಣಿಯ ಎರಡು ದಡಕ್ಕೂ ಅದನ್ನು ನೆಟ್ಟೆವು. ದಡ ಕುಸಿಯುವುದು ನಿಂತಿತು, ನೋಡಿದವರೆಲ್ಲ ಹೊಗಳಿದರು. ಎರಡನೆಯ ಮಳೆಗಾಲದಲ್ಲಿ ಕಣಿ ತುಂಬಿ ಹರಿದು ಬಳ್ಳಿಯ ಕಟ್ಟುಗಳನ್ನೇ ಕಿತ್ತು ಒಯ್ದಿತು. ದೀಪಾವಳಿಯ ಹೊತ್ತಿಗೆ ಕೆಳಗಿನ ತೋಟದವರು ಬಂದು, "ನಿಮ್ಮ ಬೆಳ್ಳಿ ನಮ್ಮಲ್ಲಿಗೂ ಬಂದಿದೆ ಮಾರಾಯ್ರೆ, ಬಿದ್ದ ಅಡಿಕೆ ಒಂದೂ ಕಾಣುವುದಿಲ್ಲ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ನಮಗೆ ತಲೆ ಎತ್ತಲಾಗಲಿಲ್ಲ. ಹೋಗಿ ನೋಡಿದರೆ ಅವರ ಕಣಿ ದಾಟಿ ತೋಡಿನ ಬದಿಯ ಕಾಡಿಗೂ ಹತ್ತಿತ್ತು. ಎರಡು ವರ್ಷ ನಾವೇ ಆಳು ಕರೆದುಕೊಂಡು ಹೋಗಿ ಕಿತ್ತೆವು. ಕಿತ್ತದ್ದನ್ನು ರಾಶಿ ಹಾಕಿದರೆ ರಾಶಿಯೇ ಚಿಗುರಿತು. ಕೊನೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಸಿಲಿನಲ್ಲಿ ಬೇಯಿಸಿ ಕೊಳೆಸಬೇಕಾಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಗಲಪಾಗೋಸ್ ದ್ವೀಪಗಳಲ್ಲಿ ಇದೇ ಬಳ್ಳಿ ಕಾಡಿನ ನೆಲಕ್ಕೆ ಹಬ್ಬಿ ತೊಂದರೆ ಕೊಡುವ ಕಳೆ ಎಂದು ಹೆಸರು ಪಡೆದಿದೆ. ನಮ್ಮ ಗುಡ್ಡೆಗಳಲ್ಲಿ ಕೈಕಾಲು ಗೀರುವ, ಬಳ್ಳಿಯಂತೆ ಹಬ್ಬುವ ದೊಡ್ಡ ನಾಚಿಕೆಮುಳ್ಳನ್ನು ನೆನಪಿಸಿಕೊಳ್ಳಿ. ಅದೂ ಮಣ್ಣಿಗೆ ಸಾರಜನಕ ಕೊಡುತ್ತದೆಂದು ತೋಟಗಳ ಹೊದಿಕೆ ಬೆಳೆಯಾಗಿಯೇ ಈ ದೇಶಕ್ಕೆ ಬಂದದ್ದು. ಬೇಲಿ ಹಾರಿದ ಮೇಲೆ ಕರೆದವರೂ ಅದನ್ನು ಹಿಂದೆ ಕಳಿಸಲಾರರು.

ಇನ್ನೆರಡು ಮಾತು. ಈ ಬಳ್ಳಿ ದ್ವಿದಳ ಜಾತಿಯದ್ದಲ್ಲ, ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುವುದಿಲ್ಲ. ಇದರ ರಸ ತಾಗಿದರೆ ಕೆಲವರಿಗೆ ಮೈ ತುರಿಸುತ್ತದೆ. ಆದ್ದರಿಂದ ತೋಟಕ್ಕೆ ಇದು ಬೇಡ. ಮನೆಯ ಮುಂದಿನ ಸಿಮೆಂಟು ಕಟ್ಟೆಯ ಒಳಗೆ, ನಾಲ್ಕು ಕಡೆ ತಡೆ ಇರುವ ನೆರಳಿನ ಮೂಲೆಯಲ್ಲಿ ಚೆಂದಕ್ಕೆ ಬೆಳೆಸಿದರೆ ಅಡ್ಡಿಯಿಲ್ಲ. ಕತ್ತರಿಸಿದ ತುಂಡು ಮಾತ್ರ ಎಂದೂ ತೋಡಿಗೆ, ಗೊಬ್ಬರದ ಗುಂಡಿಗೆ ಹೋಗಬಾರದು.

ಬೆಳ್ಳಿಗೆರೆಯ ಡೆಸ್ಮೋಡಿಯಂ: ಘಟ್ಟದ ಮೇಲಿನ ಗಿಡ

ಬೆಳ್ಳಿ ಎಲೆಯದ್ದೇ ಆದ ಇನ್ನೊಂದು ಹೊದಿಕೆ ಡೆಸ್ಮೋಡಿಯಂ ಅನ್ಸಿನೇಟಮ್. ಇದು ದ್ವಿದಳ ಜಾತಿ, ಬಹುವಾರ್ಷಿಕ, ದಕ್ಷಿಣ ಅಮೆರಿಕದ್ದು. ಮೂರೆಲೆಯ ಪ್ರತಿ ಎಲೆಯ ನಡುನರದ ಗುಂಟ ಬೆಳ್ಳಿಯ ಗೆರೆ. ಮೇವಿಗೂ ಆಗುತ್ತದೆ. ಇದಕ್ಕೆ ಹೆಸರು ಬಂದದ್ದು ಕೀನ್ಯಾದಲ್ಲಿ. ಅಲ್ಲಿನ ಅಂತರರಾಷ್ಟ್ರೀಯ ಕೀಟ ಸಂಶೋಧನ ಕೇಂದ್ರದಲ್ಲಿ ಭಾರತ ಮೂಲದ ವಿಜ್ಞಾನಿ ಡಾ. ಜಿಯಾವುರ್ ಖಾನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಇದನ್ನು ಬೆಳೆಸಿದರು. ಇದರ ವಾಸನೆಗೆ ಕಾಂಡಕೊರಕದ ಪತಂಗ ದೂರ ಹೋಗುತ್ತದೆ. ಬೇರಿನಿಂದ ಒಸರುವ ವಸ್ತುಗಳು ಸ್ಟ್ರೈಗಾ ಎಂಬ ಪರೋಪಜೀವಿ ಕಳೆಯನ್ನು ಅಡಗಿಸುತ್ತವೆ. ಹೊರಬದಿಗೆ ನೆಟ್ಟ ಮೇವಿನ ಹುಲ್ಲು ಪತಂಗವನ್ನು ತನ್ನ ಕಡೆಗೆ ಸೆಳೆಯುತ್ತದೆ. ಸಣ್ಣ ರೈತರಿಗೆ ಇದರಿಂದ ನಿಜವಾದ ಉಪಕಾರವಾಯಿತು.

ಆದರೆ ಅದು ಎತ್ತರದ, ತಂಪು ಹವೆಯ, ಬಯಲಿನ ಹೊಲದ ಮಾತು. ಈ ಗಿಡಕ್ಕೆ ತಗ್ಗು ಪ್ರದೇಶದ ಸೆಕೆ ಹಿಡಿಸುವುದಿಲ್ಲ, ದೀರ್ಘ ಬರವನ್ನೂ ತಾಳದು. ಪುತ್ತೂರಿನ ಗುಡ್ಡೆಯ ಅಡಿಯ ಅಡಿಕೆ ತೋಟಕ್ಕಿಂತ, ಮಡಿಕೇರಿ, ಸಕಲೇಶಪುರದ ಕಡೆ ಕಾಫಿ ಜಾಗ ಇರುವ ಸದಸ್ಯರು ಎಳೆಯ ಕಾಫಿಯ ಸಾಲುಗಳ ನಡುವೆ ಪರೀಕ್ಷಿಸಲು ಯೋಗ್ಯ. ಬೀಜ ಬಹಳ ಸಣ್ಣದು. ಮರಳಿನ ಜತೆ ಬೆರಸಿ ತೆಳ್ಳಗೆ ಬಿತ್ತಬೇಕು, ಆಳಕ್ಕೆ ಹೋಗಬಾರದು. ಮೊದಲ ಮೂರು ನಾಲ್ಕು ತಿಂಗಳು ನಿಧಾನ, ಆ ಹೊತ್ತು ಕಳೆ ಕೀಳಲೇಬೇಕು. ಕಾಂಡದ ಮೇಲಿನ ಕೊಕ್ಕೆರೋಮ, ಕಾಯಿಯ ತುಂಡು ಬಟ್ಟೆಗೆ ಅಂಟುತ್ತವೆ. ಕಾಫಿ ಕೊಯ್ಯುವವರು ಬೈಯದಿರಬೇಕಾದರೆ ಕೊಯ್ಲಿಗೆ ಮುಂಚೆ ಒಮ್ಮೆ ಸವರಬೇಕು.

ಬೆಳ್ಳಿ ಇಲ್ಲದಿದ್ದರೂ ಕೆಲಸಕ್ಕೆ ಬರುವವು

ನಮ್ಮ ತಗ್ಗಿನ ತೋಟಗಳಿಗೆ ಹಾಗಾದರೆ ಯಾವುದು? ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನ ಕೇಂದ್ರ ಆರಂಭವಾಯಿತು. 1970ರಿಂದ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಅಡಿಕೆ ತೋಟಗಳಿಗೆ ಹಸಿರೆಲೆ ಹೊದಿಕೆಯಾಗಿ ಕ್ಯಾಲಪೊಗೋನಿಯಂ, ಪ್ಯುರೇರಿಯ, ಸ್ಟೈಲೋಸಾಂಥಿಸ್ ಮೊದಲಾದ ದ್ವಿದಳಗಳು ಬಹುಕಾಲದಿಂದ ಪರಿಚಿತ. ಅಡಿಕೆ ಸಸಿ ನೆಟ್ಟು ನೆಲಕ್ಕೆ ಬಿಸಿಲು ಬೀಳುವ ಮೊದಲ ನಾಲ್ಕೈದು ವರ್ಷಕ್ಕೆ ಇವು ಒಳ್ಳೆಯವು. ಆದರೆ ಬಳ್ಳಿ ಸಸಿಗೆ ಸುತ್ತದಂತೆ ಕಾಯಬೇಕು. ಸುಳ್ಯ, ಕಡಬದ ರಬ್ಬರ್ ತೋಟಗಳಲ್ಲಿ ಕಾಣುವ, ನಸುಗುನ್ನಿಯ ಬಳಗದ ಮುಕುನ ಬಳ್ಳಿಯನ್ನು ಅಡಿಕೆಗೆ ತರಬೇಡಿ. ಅದರ ಓಟಕ್ಕೆ ನಮ್ಮ ಕತ್ತಿ ಸಾಲದು.

ಬೆಳೆದ ತೋಟದ ತೆಳು ಮತ್ತು ನಡು ನೆರಳಿಗೆ ಇವತ್ತು ಹೆಚ್ಚಿನವರು ಮೆಚ್ಚುವುದು ಅರಾಕಿಸ್ ಪಿಂಟೋಯ್, ಅಂದರೆ ಹಳದಿ ಹೂವಿನ ಕಾಡು ನೆಲಗಡಲೆ. ಬ್ರೆಜಿಲಿನಲ್ಲಿ 1954ರಲ್ಲಿ ಇದನ್ನು ಸಂಗ್ರಹಿಸಿದ ಪಿಂಟೋ ಎಂಬ ಸಸ್ಯಶಾಸ್ತ್ರಜ್ಞರ ಹೆಸರೇ ಗಿಡಕ್ಕೆ ಬಂದಿದೆ. ಇದು ಮರ ಹತ್ತುವುದಿಲ್ಲ, ನೆಲಕ್ಕೆ ಅಂಟಿ ಹರಡುತ್ತದೆ, ಸಾರಜನಕ ಕೊಡುತ್ತದೆ, ತುಳಿತ ತಾಳುತ್ತದೆ. ಇದನ್ನೂ ಕಣಿಯ ದಡಕ್ಕೆ ನೆಡದಿರುವುದೇ ಕ್ಷೇಮ.

ಇನ್ನೊಂದು ನಮ್ಮ ಕಾಲಡಿಯಲ್ಲೇ ಇದೆ. ಅಂಗಳದ ಬದಿಯಲ್ಲಿ, ಮುರಕಲ್ಲಿನ ಸಂದಿಯಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ, ಪುಟ್ಟ ಮೂರೆಲೆಯ, ನಸುನೇರಳೆ ಹೂವಿನ ಗಿಡ ನೋಡಿದ್ದೀರಲ್ಲ? ಅದು ಡೆಸ್ಮೋಡಿಯಂ ಟ್ರೈಫ್ಲೋರಮ್, ಬೆಳ್ಳಿಗೆರೆಯದರ ಬಡ ದಾಯಾದಿ. ಬೆಳ್ಳಿಯಿಲ್ಲ, ಖರ್ಚೂ ಇಲ್ಲ. ಅರೆನೆರಳು ತಾಳುತ್ತದೆ, ದ್ವಿದಳವೂ ಹೌದು. ಹುಲ್ಲು ಹೆರೆಸುವಾಗ ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೆಗೆಯುವಂತೆ ಆಳಿಗೆ ಹೇಳಿದರೆ ಹೊದಿಕೆ ತಾನಾಗಿ ಹೆಚ್ಚುತ್ತದೆ.

ಅಡಿಕೆ ಹೆಕ್ಕುವವರ ಮಾತು ಕೇಳಿ

ಹೊದಿಕೆಯ ಲೇಖನಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿ ಇದು. ತೋಟದಲ್ಲಿ ದಿನಾ ಬಗ್ಗಿ ಅಡಿಕೆ ಹೆಕ್ಕುವವರು ಹೆಚ್ಚಾಗಿ ಮನೆಯ ಹೆಂಗಸರು, ಕೆಲಸಕ್ಕೆ ಬರುವ ಹೆಂಗಸರು. ಮೊಣಕಾಲೆತ್ತರದ ಹೊದಿಕೆಯಲ್ಲಿ ಬಿದ್ದ ಅಡಿಕೆ ಕಾಣುವುದಿಲ್ಲ. ಅಲ್ಲೇ ಉಳಿದು ನೆನೆದು ಕಪ್ಪಾಗಿ ಕೊನೆಗೆ ಕರಿಗೋಟಿನ ರಾಶಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೈ ಹಾಕಿದಲ್ಲಿ ಕೊಳಕುಮಂಡಲ ಇರಬಹುದೆಂಬ ಭಯ. ಆ ಭಯ ಸುಳ್ಳಲ್ಲ. ನಮ್ಮ ಮನೆಯಲ್ಲಿ ಹೊದಿಕೆ ಎಲ್ಲಿರಬೇಕೆಂದು ತೀರ್ಮಾನ ಮಾಡುವುದು ಈಗ ಹೆಕ್ಕುವವರೇ.

ಅವರ ಸಲಹೆಯಂತೆ ನಾವು ಅನುಸರಿಸುವ ಕ್ರಮ ಹೀಗಿದೆ:

1. ಮರದ ಬುಡದ ಸುತ್ತ ಎರಡೂವರೆ ಅಡಿ ಜಾಗ ಖಾಲಿ. ಅಲ್ಲಿ ಸೋಗೆ, ಸೊಪ್ಪು, ಗೊಬ್ಬರ ಮಾತ್ರ.

2. ಅಡಿಕೆಯ ಅಂತರ 9 ಅಡಿ. ಎರಡು ಬದಿ ಎರಡೂವರೆ ಅಡಿ ಬಿಟ್ಟರೆ ಸಾಲಿನ ನಡುವೆ 4 ಅಡಿ ಪಟ್ಟೆ ಉಳಿಯುತ್ತದೆ. ಹೊದಿಕೆ ಅಲ್ಲಿ ಮಾತ್ರ, ಅದೂ ಒಂದು ಬಿಟ್ಟು ಒಂದು ಸಾಲಿನಲ್ಲಿ. ಇನ್ನೊಂದು ಸಾಲು ನಡೆಯುವ ದಾರಿ.

3. ಹೊದಿಕೆ ಗೇಣೆತ್ತರ ಮೀರಬಾರದು. ಕೊಯ್ಲು ಶುರುವಾಗುವ ಮುಂಚೆ, ನವೆಂಬರಿನಲ್ಲಿ ಒಮ್ಮೆ ಸವರಿ ಬುಡಕ್ಕೆ ಹಾಕಬೇಕು. ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಬೇಕೆಂಬ ಶಿಫಾರಸಿನಲ್ಲಿ ಒಂದು ಪಾಲು ಅಲ್ಲೇ ಸಿಕ್ಕಿತು.

4. ಕೈಯಲ್ಲಿ ಕೋಲು, ಕಾಲಿಗೆ ಬೂಟು. ಇದಕ್ಕೆ ಲೆಕ್ಕ ನೋಡಬಾರದು.

5. ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಮೈಲುತುತ್ತು ಬಿದ್ದ ಹೊದಿಕೆಯನ್ನು ಹಸುಗಳಿಗೆ ಹಾಕಬಾರದು.

ನೀರಿನ ಮಾತೂ ಇದೆ. ಜೀವ ಇರುವ ಹೊದಿಕೆ ನೀರು ಕುಡಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಕೆರೆ, ಕೊಳವೆಬಾವಿ ಬತ್ತುವ ತೋಟದಲ್ಲಿ ಹೊದಿಕೆಗೆಂದು ನೀರು ಕೊಡಬೇಡಿ. ಬೇಸಗೆಗೆ ಮುಂಚೆ ಸವರಿ ಒಣ ಹಾಸಾಗಿ ಬಿಡಿ. ಬೇರು ಉಳಿದದ್ದು ಮಳೆಗೆ ಚಿಗುರುತ್ತದೆ.

ಒಂದು ವರ್ಷದ ಪರೀಕ್ಷೆ

ಇಡೀ ತೋಟಕ್ಕೆ ಒಮ್ಮೆಗೇ ನೆಡುವುದು ಬೇಡ. ಸಾಲಿಗೆ ಐದರಂತೆ ಎರಡು ಸಾಲಿನ ಹತ್ತು ಮರ ಆರಿಸಿ. ನಡುವಿನ ಪಟ್ಟೆ 4 ಅಡಿ ಅಗಲ, 36 ಅಡಿ ಉದ್ದ. ಅಡಿಗೊಂದರಂತೆ ಪಿಂಟೋಯ್‌ನ ಸುಮಾರು 150 ತುಂಡು ಸಾಕು. ಗೇಣುದ್ದದ, ಮೂರು ನಾಲ್ಕು ಗಂಟಿನ ತುಂಡನ್ನು ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಹೋಗುವಂತೆ ಜೂನ್‌ನಲ್ಲಿ ನೆಡಿ. ಜುಲೈ, ಆಗಸ್ಟ್, ಅಕ್ಟೋಬರಿನಲ್ಲಿ ಒಮ್ಮೊಮ್ಮೆ ಕೈಯಲ್ಲಿ ಕಳೆ ಕೀಳಿ. ಮೊದಲ ವರ್ಷದ ಈ ಮೂರು ಕೆಲಸ ತಪ್ಪಿದರೆ ಹುಲ್ಲೇ ಗೆಲ್ಲುತ್ತದೆ.

ಪಕ್ಕದಲ್ಲೇ ಹೊದಿಕೆಯಿಲ್ಲದ ಹತ್ತು ಮರ ಗುರುತಿಸಿ. ದೊಡ್ಡ ಮಳೆಯ ದಿನ ಎರಡೂ ಕಡೆಯಿಂದ ಹರಿಯುವ ನೀರನ್ನು ಬಾಟಲಿಯಲ್ಲಿ ಹಿಡಿದು ತಳದ ಮಣ್ಣು ನೋಡಿ. ಹೆಕ್ಕುವವರ ಹತ್ತಿರ ಕೇಳಿ. ಬೇಸಗೆಯಲ್ಲಿ ಮಣ್ಣು ಕೈಯಲ್ಲಿ ಹಿಡಿದು ತೇವ ನೋಡಿ. ಇಷ್ಟನ್ನು ಬರೆದಿಟ್ಟರೆ ಮುಂದಿನ ಪತ್ತನಾಜೆಯ ಹೊತ್ತಿಗೆ ನಿಮ್ಮ ತೋಟಕ್ಕೆ ಏನು ಬೇಕೆಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಹೊದಿಕೆ ಹಳದಿ ಎಲೆ ರೋಗಕ್ಕಾಗಲಿ ಎಲೆಚುಕ್ಕಿಗಾಗಲಿ ಮದ್ದಲ್ಲ. ಅದು ಮಣ್ಣನ್ನು ಕಾಯುತ್ತದೆ, ಅಷ್ಟೆ. ಆದರೆ ಆ ಕೆಲಸ ಸಣ್ಣದೇನೂ ಅಲ್ಲ.

ನಮ್ಮ ಕೆಳಗಿನ ತೋಟದವರು ಕಳೆದ ಮಳೆಗಾಲದಲ್ಲಿ ಪಿಂಟೋಯ್‌ನ ತುಂಡು ಕೇಳಿಕೊಂಡು ಬಂದಿದ್ದರು. ಕೊಡುವ ಮುಂಚೆ ಇಬ್ಬರೂ ಹೋಗಿ ಅವರ ತೋಟದಲ್ಲಿ ಪಂಚೆ ಹಾಸಿ ನೋಡಿದೆವು. ಒಂದು ಕಡೆ ನೆಡಬಹುದು, ಇನ್ನೊಂದು ಕಡೆ ಕೊಕ್ಕೋದ ಎಲೆಯೇ ಸಾಕು ಎಂದು ಕಂಡಿತು. ಹಿಂದಿರುಗುವಾಗ ತೋಡಿನ ಬದಿಯಲ್ಲಿ ಬೆಳ್ಳಿ ಪಟ್ಟೆಯ ಒಂದು ಚಿಗುರು ಕಂಡಿತು. ಬಗ್ಗಿ ಬೇರು ಸಮೇತ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆವು.